ಇದ್ಯಾ

ಹೊಳೆಯ ಈ ದಡ ಫಿನ್ಲೆಂಡ್, ಆ ದಡ ನಾರ್ವೆ.
ನಡುವೆ ಒಂದು ಸಿಗರೇಟು ಮುಗಿಯುವಷ್ಟು ನೀರು.
ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ.

ಮರಿಯನ್ನು ತಂದದ್ದು ಆ ದಡದಿಂದ,
ಓವ್ಲಾನ ಮೋಟಾರು ದೋಣಿಯಲ್ಲಿ, ನನ್ನ ಅಂಗಿಯೊಳಗೆ.
ಕಪ್ಪು ಮೈ, ಹುಬ್ಬಿನ ಮೇಲೆ ಎರಡು ಕಂದು ಚುಕ್ಕಿ.
ಎರಡು ವರ್ಷ ಕಳೆದರೆ
ಮುನ್ನೂರು ಹಿಮಸಾರಂಗ ಇದರ ಮಾತು ಕೇಳಬೇಕು.
ಸದ್ಯಕ್ಕೆ ಕೇಳುತ್ತಿರುವವನು ನಾನೊಬ್ಬ,
ರಾತ್ರಿ ಎರಡಕ್ಕೆ.

ರಾತ್ರಿ ಅಂದೆ. ತಪ್ಪು.
ಜೂನ್ ತಿಂಗಳು ನಮ್ಮಲ್ಲಿ ಆ ಪದಕ್ಕೆ ಕೆಲಸವಿಲ್ಲ.
ಹೊರಟೆ ಹೊರಟೆ ಎನ್ನುತ್ತಲೇ
ಬಾಗಿಲಲ್ಲಿ ಮಾತಿಗೆ ನಿಂತ ನೆಂಟನ ಹಾಗೆ
ಸೂರ್ಯ ಬಡಗಣ ಗುಡ್ಡದ ಮೇಲೆ ನಿಂತು
ತಿರುಗಿ ಒಳಕ್ಕೇ ಬರುತ್ತಾನೆ.
ಇಂಥಲ್ಲಿ ಒಂದು ಮರಿಗೆ
ಮಲಗು, ಕತ್ತಲಾಯಿತು ಅಂತ ಯಾವ ಬಾಯಲ್ಲಿ ಹೇಳಲಿ?

ಕಿಟಕಿಗೆ ಕಂಬಳಿ ಬಡಿದೆ.
ಮೊಳೆಯ ಸದ್ದಿಗೆ, ಆಗಷ್ಟೇ ತೂಗುತ್ತಿದ್ದದ್ದು, ಎದ್ದು ಕೂತಿತು.
ಕಂಬಳಿಯ ತೂತಿನಿಂದ ಬೆಳಕಿನದೊಂದು ಕಾಸು ನೆಲಕ್ಕೆ ಬಿತ್ತು.
ಅದನ್ನು ಹಿಡಿಯಲು
ಬೆಳಗಾಗುವ ತನಕ (ಯಾವ ಬೆಳಗು?) ನೆಗೆಯಿತು.

ಗಡಿಯಾರ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡು,
ತಾಯಿಯ ಎದೆ ಅಂದುಕೊಳ್ಳುತ್ತದೆ, ಅಂದ ಓವ್ಲಾ.
ಸುತ್ತಿಟ್ಟೆ.
ಬಟ್ಟೆ ಬಿಚ್ಚಿತು, ಗಾಜು ನೆಕ್ಕಿತು,
ಹಾಲು ಬಾರದ್ದಕ್ಕೆ ಇನ್ನೂ ಜೋರಾಗಿ ಅತ್ತಿತು.
ಮೂರನೇ ದಿನ
ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಟ್ಟೆ,
ಅದರ ತಾಯಿಯ ಕಡೆಯ ಹೊತ್ತಿಗೆ.
ನಗಬೇಡಿ. ಆ ವೇಳೆಯಲ್ಲಿ ಮನುಷ್ಯ ಏನನ್ನೂ ನಂಬುತ್ತಾನೆ.

ಎರಡು ತಾಸಿಗೊಮ್ಮೆ ಎತ್ತಿಕೊಂಡು ಹೊರಗೆ.
ಮಾತಾಡಿಸಕೂಡದು, ಆಡಿಸಕೂಡದು;
ಹುಲ್ಲಿಗಿಳಿಸಿ, ಮುಖ ತಿರುಗಿಸಿ ನಿಲ್ಲಬೇಕು,
ದೊಡ್ಡವರ ಮಾನ ಕಾಯುವವನಂತೆ.
ಅತ್ತ ಓವ್ಲಾ ಬಿಸಿಲಲ್ಲಿ ಬೇಲಿಗೆ ಬಣ್ಣ ಹೊಡೆಯುತ್ತಿದ್ದ.
ಕೈಯೆತ್ತಿದ. ನಾನೂ ಎತ್ತಿದೆ.
ಸೊಳ್ಳೆಗಳಿಗೂ ನಿದ್ದೆ ಇರಲಿಲ್ಲ.

ಆಮೇಲೆ ಮಂಚದಿಂದ ಒಂದು ಕೈ
ಮೀನಿನ ಪೆಟ್ಟಿಗೆಯೊಳಕ್ಕೆ ಇಳಿಬಿಟ್ಟು ಮಲಗುವುದು.
ಬೆರಳು ಚೀಪುತ್ತ ಚೀಪುತ್ತ ಅದು ತಣ್ಣಗಾಗುವಾಗ
ಕೈಗೆ ಜೋಮು.
ಕದಲಿಸಿದೆನೋ, ಮೊದಲಿನಿಂದ ಶುರು.

ಆರನೇ ದಿನ ನನಗೇ ಕಣ್ಣು ಹತ್ತಿತು, ಕೂತ ಕುರ್ಚಿಯಲ್ಲೇ.
ಎದ್ದರೆ ಪೆಟ್ಟಿಗೆ ಖಾಲಿ, ಕದ ಒಂದು ಗೇಣು ತೆರೆದಿದೆ.
ಕರೆಯೋಣವೆಂದರೆ ಇನ್ನೂ ಹೆಸರಿಟ್ಟಿರಲಿಲ್ಲ.
ಹೆಸರಿಲ್ಲದ್ದನ್ನು ಏನೆಂದು ಕೂಗುವುದು?
ಹೊಳೆಯವರೆಗೆ ಓಡಿದೆ. ನೀರು ನೋಡಿದೆ. ನೋಡಬಾರದಿತ್ತು.

ಅಪ್ಪನ ಮರದ ದೋಣಿ,
ಟಾರು ಬಳಿದು ದಡದಲ್ಲಿ ಮಗುಚಿಟ್ಟದ್ದು.
ಅದರಡಿಯಿಂದ ಗೊರಕೆ, ಹೌದು, ಅಷ್ಟು ಪುಟ್ಟ ಗೊರಕೆ.
ಬಗ್ಗಿ ನೋಡಿದರೆ
ಒಳಗೆ ರಾತ್ರಿ ಇತ್ತು.
ಊರಲ್ಲಿ ಉಳಿದಿದ್ದ ಅಷ್ಟೂ ರಾತ್ರಿ,
ಒಂದು ಗೋಣಿಚೀಲದಷ್ಟು,
ಟಾರಿನ ವಾಸನೆಯದು, ತಂಪಾದದ್ದು.
ಅದರ ನಡುವೆ ಇದು, ಕಪ್ಪಿನೊಳಗೆ ಕಪ್ಪು,
ಎರಡು ಕಂದು ಚುಕ್ಕಿ ಮಾತ್ರ ಎಚ್ಚರ.

ತೆವಳಿ ಒಳಹೊಕ್ಕೆ.
ಸೊಂಟದವರೆಗೆ ಹಿಡಿಸಿತು.

ಮಾರೆತ್ ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ
ಬ್ರೆಡ್ಡು ಹಿಡಿದು ಬಂದಾಗ ಏಳೂವರೆ.
ದೋಣಿಯಿಂದ ಹೊರಗೆ ಎರಡು ಬೂಟು.
ಒದ್ದು ನೋಡಿದಳಂತೆ.
"ಮುದುಕರೆಲ್ಲ ಅಲ್ಲಿ ಸರಿಯಾಗಿ ಮಲಗಿದರು,"
ಅಂದಳು, "ಮನೆಗೆ ಬಂದರೆ ಇಲ್ಲೊಬ್ಬ."

ನಮ್ಮ ಸಾಮಿ ಮಾತಿನಲ್ಲಿ ರಾತ್ರಿಗೆ ಇದ್ಯಾ ಅನ್ನುತ್ತೇವೆ.
ಹೆಸರು ಅದೇ ಆಯಿತು.
ಹೊತ್ತಾದಾಗ ಅಂಗಳದಲ್ಲಿ ನಿಂತು
ಇದ್ಯಾ, ಇದ್ಯಾ ಎಂದು ಕೂಗಿದರೆ
ದೋಣಿಯ ಹಲಗೆಗೆ ಬಾಲ ಬಡಿಯುವ ಸದ್ದು.

ನವೆಂಬರಿನಲ್ಲಿ ಹೋದ ಸೂರ್ಯ
ಜನವರಿಯ ತನಕ ಮುಖ ತೋರಿಸುವುದಿಲ್ಲ.
ಆಗ ಹೀಗೆ ಕೂಗಿದರೆ
ಎಷ್ಟೆಲ್ಲ ಓಡಿ ಬರುತ್ತದೋ.

ಈ ವಾರ ದೋಣಿ ನೀರಿಗಿಳಿಯಬೇಕಿತ್ತು.
ಇರಲಿ, ಮಗುಚೇ ಇರಲಿ.
ಮೀನು ಕಾಯಲಿ.